ಪಾಳಿಗಿಟ್ಟ ಬುಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದೇ ಹುಣಸೆಮರ, ಅದೇ ಬಿಳಿ ಸೀರೆ, ಅದೇ ಗೆಜ್ಜೆ ಸಪ್ಪಳ. ಹೇಳುವವನು ಬೀಡಿ ಸೇದುತ್ತ ಸುಳ್ಳು ಪೋಣಿಸುತ್ತಾನೆ, ಕೇಳುವವರು ಬಾಯಿ ತೆರೆದುಕೊಂಡು ಕೂತಿರುತ್ತಾರೆ. ಆಮೇಲೆ ಅಷ್ಟೂ ಜನ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಥೂ!

ನಾನು ಹೇಳುವುದರಲ್ಲಿ ಮರವಿಲ್ಲ, ಗೆಜ್ಜೆಯಿಲ್ಲ. ಒಂದು ಹಿಟ್ಟಿನ ಗಿರಣಿ ಇದೆ, ಅದರ ಕಲ್ಲು ಇದೆ, ಒಂದು ಹಳೆಯ ಬಿದಿರುಬುಟ್ಟಿ ಇದೆ. ಆದರೆ ಇದು ನಡೆದದ್ದು. ನನ್ನ ಕೈ ಇದೇ, ಆ ಕಲ್ಲಿನ ಮೇಲೆ ಇಟ್ಟದ್ದೂ ಇದೇ ಕೈ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದದ್ದು ಏನೂ ಇಲ್ಲ.

ಆಗ ನಾನು ಲಿಂಗಸುಗೂರಿನಲ್ಲಿದ್ದೆ. ಗಿರಣಿ ರಿಪೇರಿ ನನ್ನ ಕಸುಬು. ಸಿಂಧನೂರು ಕಡೆಗೆ ಕಾಲುವೆ ನೀರು ಬಂದು ಕೆಲವು ವರ್ಷವಾಗಿತ್ತು. ನೀರಿನ ಹಿಂದೆ ಭತ್ತದ ಗದ್ದೆ ಬಂತು, ಗದ್ದೆಯ ಹಿಂದೆ ಕೂಲಿ ಜನ ಬಂದರು, ಅವರ ಹಿಂದೆ ಡೀಸೆಲ್ ಇಂಜಿನ್ನಿನ ಗಿರಣಿಗಳು ಬಂದವು. ಗಿರಣಿ ಇಟ್ಟ ಪುಣ್ಯಾತ್ಮರಿಗೆ ಇಂಜಿನ್ನಿಗೆ ಎಣ್ಣೆ ಹಾಕುವುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕಲ್ಲು ಸವೆದು ನುಣ್ಣಗಾಗಿ, ಹಿಟ್ಟು ನುಚ್ಚಿನಂತೆ ಬಿದ್ದು, ಹೆಂಗಸರು ಬಾಗಿಲಲ್ಲಿ ನಿಂತು ಬೈಯತೊಡಗಿದ ಮೇಲೆ ನನ್ನ ನೆನಪಾಗುತ್ತಿತ್ತು.

ಜವಳಗೇರಾದ ಶರಣಪ್ಪ ಅಂಥವರಲ್ಲಿ ಎಲ್ಲರಿಗಿಂತ ಮುಂದಿದ್ದವನು. ಹೆಂಡತಿ ಸೀನಿದರೂ ದೇವರಿಗೆ ಕಾಯಿ ಒಡೆಸುವ ಆಸಾಮಿ. ಅವನಿಂದ ಕರೆ ಬಂತು. ಉಳಿ, ಸುತ್ತಿಗೆ, ಪಾನಾ ಎಲ್ಲವನ್ನೂ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಆ ಬಸ್ಸು ಕೆಟ್ಟಿತು. ಡ್ರೈವರು ಬಾನೆಟ್ ಎತ್ತಿ ಇಂಜಿನ್ನನ್ನು ಹೊಸ ಹೆಂಡತಿಯನ್ನು ನೋಡಿದಂತೆ ನೋಡುತ್ತ ನಿಂತಿದ್ದ. ಕೊನೆಗೆ ನಾನೇ ಇಳಿದು ಸರಿಮಾಡಿ, ಸಿಂಧನೂರಿನಲ್ಲಿ ಬಸ್ಸು ಬದಲಾಯಿಸಿ ಜವಳಗೇರಾ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಶರಣಪ್ಪ ಕೊನೆಯ ಬುಟ್ಟಿಗಳನ್ನು ಬೀಸುತ್ತಿದ್ದ. ಇಂಜಿನ್ನಿನ ಕುಕ್... ಕುಕ್... ಸದ್ದು. ಬಿಸಿ ಹಿಟ್ಟು, ಸುಟ್ಟ ಎಣ್ಣೆ, ಒದ್ದೆ ಗೋಣಿಯ ವಾಸನೆ.

"ಮಿಸ್ತ್ರಿ, ಮುಂಜಾನಿ ಕಲ್ಲು ತಿರಗಾಕಬೇಕು ನೋಡ್ರೀ," ಎಂದ. "ಕೂಲಿ ಮಂದಿ ಕಡೆ ಬೀಸುಕಲ್ಲು ಸುದ್ದಾ ಇಲ್ಲ. ಸಂಜಿಗೆ ಜ್ವಾಳ ಕೂಲಿ ತಗೊಂಡು ನೆಟ್ಟಗ ಇಲ್ಲೇ ಬರ್ತಾರ. ಗಿರಣಿ ನಿಂತ್ರ ಮಕ್ಕಳು ಮರಿ ಉಪಾಸ ಬೀಳ್ತಾವು."

"ಕಲ್ಲು ಸವಿಯೂವಾಗ ಈ ಮಕ್ಕಳು ಮರಿ ನೆನಪಾಗಲಿಲ್ಲೇನು?" ಎಂದೆ. ಅವನು ಮುಂದಿನ ಬುಟ್ಟಿಯನ್ನು ಗಿರಣಿಗೆ ಸುರಿದ.

ಗಿರಣಿಗೆ ಬರುವವರಿಗೆ ಅಲ್ಲೊಂದು ರಿವಾಜು ಇತ್ತು. ಬೆಳಿಗ್ಗೆ ಬುಟ್ಟಿ ತಂದು ಸಾಲಿನಲ್ಲಿ ಇಟ್ಟು ಕೆಲಸಕ್ಕೆ ಹೋಗುವುದು. ಕಾಳು ಇನ್ನೂ ಕೈಗೆ ಬರದವರು ಖಾಲಿ ಬುಟ್ಟಿಯನ್ನೇ ಇಟ್ಟು ಪಾಳಿ ಹಿಡಿಯುತ್ತಿದ್ದರು, ಸಂಜೆ ಕೂಲಿಯ ಜೋಳ ತಂದು ಸುರಿಯುತ್ತಿದ್ದರು. ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಕಲ್ಲು ಎತ್ತುವುದಿದ್ದರೆ ಸಾಲು ಪೂರ್ತಿ ಮುಗಿದಿರಬೇಕು, ಗಿರಣಿಯವನು ಬಾಗಿಲಿಗೆ ಬಂದು ಕೂಗಿ ಕೇಳಬೇಕು. ಇದೆಲ್ಲ ಶಾಸ್ತ್ರ!

ಶರಣಪ್ಪ ಇಂಜಿನ್ ನಿಲ್ಲಿಸಿ, ಬಾಗಿಲಲ್ಲಿ ನಿಂತು ಕತ್ತಲಿಗೆ ಕೂಗಿದ. "ಯಾರದಾರ ಪಾಳಿ ಉಳದೈತೇನ್ರೀ... ಕಲ್ಲು ಎತ್ತಾಕತ್ತೀವಿ..."

ನಾನು ನಕ್ಕೆ. "ಸಾವ್ಕಾರ್ರ, ಯಾರಿಗೆ ವದರಾಕತ್ತೀರಿ? ಬೀದ್ಯಾಗ ಒಂದು ನಾಯಿ ಐತಿ, ಅದೂ ಮಕ್ಕೊಂಡೈತಿ."

ಅವನು ನಗಲಿಲ್ಲ. ಒಳಗೆ ಬಂದು ಗೋಡೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಒಂದೇ ಒಂದು ಖಾಲಿ ಬುಟ್ಟಿ ಇತ್ತು. ನಾನೂ ನೋಡಿದೆ, ಪಾನಾ ಕೈಗೆತ್ತಿಕೊಂಡೆ.

ಕೆಲಸ ಏನು ದೊಡ್ಡದಲ್ಲ. ಕೆಳಗಿನ ಕಲ್ಲು ತಿರುಗುತ್ತದೆ, ಮೇಲಿನದು ಕೂತಿರುತ್ತದೆ. ಇಂಜಿನ್ನಿನ ಪಟ್ಟಾ ಬಿಚ್ಚು, ಬೋಲ್ಟು ಬಿಚ್ಚು, ತೊಲೆಗೆ ಕಟ್ಟಿದ ಸರಪಳಿಯಿಂದ ಮೇಲಿನ ಕಲ್ಲನ್ನು ಎತ್ತು. ಸವೆದ ಮೈ ಮತ್ತೆ ಒರಟಾಗುವಂತೆ ಎರಡೂ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆ. ಮತ್ತೆ ಕೂರಿಸು. ನೂರಾರು ಸಲ ಮಾಡಿದ್ದೇನೆ.

ಪಟ್ಟಾ ಬಿಚ್ಚಿದೆ. ಬೋಲ್ಟು ಬಿಚ್ಚಿದೆ. ಸರಪಳಿ ಎಳೆದೆ. ಕಟ... ಕಟ... ಕಟ... ಸರಪಳಿ ಬಿಗಿಯಿತು. ತೊಲೆ ನರಳಿತು, ಸೂರಿನಿಂದ ಮಣ್ಣು ಉದುರಿತು. ಕಲ್ಲು ಕೂದಲೆಳೆಯಷ್ಟೂ ಮೇಲೇಳಲಿಲ್ಲ.

ಎಲ್ಲೋ ಒಂದು ಬೋಲ್ಟು ಉಳಿದಿರಬೇಕೆಂದು ಲಾಟೀನು ಹಿಡಿದು ನೋಡಿದೆ. ಉಳಿದಿರಲಿಲ್ಲ. ಹಿಟ್ಟು ಗಟ್ಟಿಯಾಗಿ ಅಂಟಿರಬಹುದೆಂದು ಸುತ್ತಲೂ ಕೆರೆದೆ. ಹಾರೆ ಹಾಕಿ ಮೀಟಿದೆ. ಹಾರೆ ಬಾಗಿತು. ಶರಣಪ್ಪನನ್ನು ಕರೆದು ಇಬ್ಬರೂ ಸರಪಳಿಗೆ ಜೋತುಬಿದ್ದೆವು. ಊಹೂಂ.

"ಎಂಥಾ ಗಿರಣಿ ಇಟ್ಟೀರಿ ಮಾರಾಯ್ರ! ತುಕ್ಕು ಹಿಡಿಸಿ ಇಟ್ಟೀರಿ," ಎಂದು ಬೈದು, ಬೆವರು ಒರೆಸಿಕೊಳ್ಳುತ್ತ ಕಲ್ಲಿನ ಮೇಲೆ ಕೈ ಊರಿದೆ.

ಕಲ್ಲು ಬೆಚ್ಚಗಿತ್ತು.

ಬೀಸಿದ ಕಲ್ಲು ಕಾದಿರುತ್ತದೆ, ಅದರಲ್ಲೇನು ವಿಶೇಷ? ಆದರೆ ಇಂಜಿನ್ ನಿಲ್ಲಿಸಿ ಬಹಳ ಹೊತ್ತಾಗಿತ್ತು. ಆರಬೇಕಾದ ಕಲ್ಲು ಆರಿರಲಿಲ್ಲ... ಕೈಯಡಿಯಲ್ಲಿ ಸಣ್ಣಗೆ ನಡುಗುತ್ತಲೂ ಇತ್ತು. ಬಗ್ಗಿ ಕಿವಿ ಇಟ್ಟೆ. ಒಳಗಿನಿಂದ ಸರ್... ಸರ್... ಸರ್... ಎಂದು ಸದ್ದು. ಕಾಳಿಲ್ಲದೆ ಬರಿದೇ ತಿರುಗುವ ಗಿರಣಿಯ ಸದ್ದು ಅದು. ನನ್ನಂಥವನಿಗೆ ಅದು ತಪ್ಪುವುದಿಲ್ಲ.

ಪಟ್ಟಾ ನೆಲದ ಮೇಲೆ ಬಿದ್ದಿತ್ತು. ಚಕ್ರ ನಿಂತಿತ್ತು. ಲಾಟೀನು ಹತ್ತಿರ ಹಿಡಿದು ಎರಡು ಸಲ ನೋಡಿದೆ. ಹೊರಗೆ ಎಲ್ಲವೂ ನಿಂತಿತ್ತು, ಕಲ್ಲು ಮಾತ್ರ ಕೆಲಸದಲ್ಲಿತ್ತು.

"ಮಿಸ್ತ್ರಿ..." ಶರಣಪ್ಪ ಗೋಡೆಯ ಕಡೆ ಕೈ ಮಾಡಿದ. "ಸಾಲು ಮುಗದಿಲ್ರೀ. ಒಂದು ಬುಟ್ಟಿ ಉಳದೈತಿ."

"ಆ ಖಾಲಿ ಬುಟ್ಟಿನಾ? ಯಾರದದು?"

"ಹನುಮವ್ವಂದ್ರೀ. ಕಾಲುವಿ ದಂಡಿ ಗುಡಿಸಲದಾಕಿ. ಮೊನ್ನೆ ಮುಂಜಾನಿ ಪಾಳಿಗಿಟ್ಟು ನಾಟಿ ಮಾಡಾಕ ಹೋಗ್ಯಾಳ, ಸಂಜಿಗೆ ಕೂಲಿ ಜ್ವಾಳ ತಂದು ಹಾಕ್ತೀನಂತ. ಗದ್ಯಾಗ ಹಾವು ಮುಟ್ಟಿತು. ಸಿಂಧನೂರಿಗೆ ಒಯ್ಯೂದ್ರೊಳಗ..." ಅವನು ತಲೆ ತಗ್ಗಿಸಿದ.

"ಸತ್ತಾಕಿಗೆ ಎಂಥಾ ಪಾಳಿರೀ?"

"ಬುಟ್ಟಿ ಇಟ್ಟಾಗ ಜೀವಂತ ಇದ್ಲಲ್ಲ."

"ಮನ್ಯಾಗ ಯಾರೂ ಇಲ್ಲೇನು?"

"ಮುದುಕಿ ಅತ್ತಿ ಅದಾಳ, ಸಣ್ಣ ಮಕ್ಕಳು ಅದಾವು. ಮಗ್ಗಲ ಗುಡಿಸಲದವರು ರೊಟ್ಟಿ ಕೊಡ್ತಿದ್ರು. ಈಗ ನನ್ನ ಕಲ್ಲು ಕೆಟ್ಟು ಬರೇ ನುಚ್ಚು ಬೀಳಾಕತ್ತೈತಿ, ಅವರದೂ ಹಿಟ್ಟು ಮುಗದೈತಿ."

"ಮತ್ತ ಈ ಬುಟ್ಟಿ ಅವರಿಗೆ ಯಾಕ ಕೊಟ್ಟು ಬರಲಿಲ್ಲ?"

"ಮಂದಿ ಪಾಳಿ ಬುಟ್ಟಿ ನಾವು ಹ್ಯಾಂಗ ಮುಟ್ಟೂದ್ರೀ? ಎಲ್ಲಾರೂ ಅದನ್ನ ಬಿಟ್ಟು ಮುಂದಿಂದು ಬೀಸಿಸಿಕೊಂಡು ಹೋದ್ರು."

ನೋಡಿದಿರಾ ಬುದ್ಧಿ! ಊರಿಗೆ ಊರೇ ಒಂದು ಖಾಲಿ ಬುಟ್ಟಿಯನ್ನು ಸುತ್ತುಹಾಕಿಕೊಂಡು ಓಡಾಡಿದೆ. ಲೊಚ್ ಲೊಚ್ ಎಂದಿದೆ, ಪಾಪ ಅಂದಿದೆ. ಅದರಲ್ಲಿ ಒಂದು ಹಿಡಿ ಜೋಳ ಹಾಕಿ ಆ ಮಕ್ಕಳಿಗೆ ಮುಟ್ಟಿಸಬೇಕೆಂದು ಒಬ್ಬನಿಗೂ ಹೊಳೆದಿಲ್ಲ. ರಿವಾಜು ಕಾಯ್ದವರಂತೆ ಇವರು, ದೊಡ್ಡ ಮನುಷ್ಯರು!

ನನಗೆ ಸಿಟ್ಟು ನೆತ್ತಿಗೇರಿತು. ಬುಟ್ಟಿಯನ್ನು ಎತ್ತಿ ಬಾಗಿಲಾಚೆ ಎಸೆದೆ. "ಮುಗೀತು ನಿಮ್ಮ ಪಾಳಿ. ಈಗ ಹಿಡೀರಿ ಸರಪಳಿ."

ಎಳೆದೆವು. ಒಳಗಿನ ಸದ್ದು ಜೋರಾಯಿತು. ಸರ್ ಸರ್ ಸರ್ ಸರ್... ಕಾದ ಕಲ್ಲಿನ ವಾಸನೆ ಮೂಗಿಗೆ ಹೊಡೆಯಿತು. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದಾಗ ಮಾತ್ರ ಬರುವ ವಾಸನೆ ಅದು. ನನ್ನ ಕೈಯಿಂದ ಸರಪಳಿ ಜಾರಿತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಉಜ್ಜಿದರೆ ಕಲ್ಲು ಬಿರಿಯುತ್ತಿತ್ತು. ಕಲ್ಲು ಬಿರಿದರೆ ನಾಳೆಯಲ್ಲ, ತಿಂಗಳಾದರೂ ಆ ಗಿರಣಿಯಿಂದ ಹಿಟ್ಟಿಲ್ಲ.

ಶರಣಪ್ಪ ಓಡಿಹೋಗಿ ಬುಟ್ಟಿ ತಂದ. ಧೂಳು ಕೊಡವಿ, ಅದೇ ಜಾಗದಲ್ಲಿ ಇಟ್ಟ. ಸದ್ದು ಮೊದಲಿನಷ್ಟಕ್ಕೆ ಇಳಿಯಿತು.

"ನನ್ನ ಮನಿ ಜ್ವಾಳ ತಂದು ಆಕಿ ಪಾಳಿ ಬೀಸಿಬಿಡ್ತೀನ್ರೀ," ಎಂದ.

"ಮಾಡ್ರಿ, ಅದೊಂದು ಯಾಕ ಉಳೀಬೇಕು? ಆರತಿ ತಟ್ಟಿನೂ ತರ್ರಿ," ಎಂದೆ. ಹಾಗಂದರೂ ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಬಿಗಿದವನು ನಾನೇ, ಪಟ್ಟಾ ಏರಿಸಿದವನೂ ನಾನೇ.

ಬುಟ್ಟಿಗೆ ಜೋಳ ಸುರಿದ, ಬುಟ್ಟಿಯಿಂದ ಗಿರಣಿಗೆ ಸುರಿದ. ಇಂಜಿನ್ ಹಚ್ಚಿದೆ. ಸವೆದು ಹಾಳಾದ ಕಲ್ಲು ಅದು, ಸಂಜೆ ನುಚ್ಚು ಉದುರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಈಗ ಬಿದ್ದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಮಗುವಿನ ಮೈಗೆ ಹಚ್ಚುವ ಪೌಡರಿನಷ್ಟು ನಯವಾಗಿತ್ತು. ಶರಣಪ್ಪನೂ ಒಂದು ಚಿಟಿಕೆ ತೆಗೆದು ತಿಕ್ಕಿ ನೋಡಿದ.

ಬುಟ್ಟಿ ತುಂಬಿತು. ಇಂಜಿನ್ ನಿಲ್ಲಿಸಿದೆ. ಒಳಗಿನ ಸದ್ದೂ ನಿಂತಿತು. ಕಲ್ಲಿನ ಮೇಲೆ ಕೈ ಇಟ್ಟೆ... ಆಗಷ್ಟೇ ಬೀಸಿದ ಕಲ್ಲು, ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

ಬೋಲ್ಟು ಬಿಚ್ಚಿ ಸರಪಳಿ ಎಳೆದದ್ದಷ್ಟೇ, ಕಲ್ಲು ತಾನಾಗಿ ಎದ್ದು ಬಂತು.

ಆಮೇಲೆ ಉಳಿ ಸುತ್ತಿಗೆ ಹಿಡಿದು ಕೂತೆ. ಕೆಲಸ ಕೈಯಲ್ಲಿದ್ದಾಗ ನನಗೆ ಯಾವ ಯೋಚನೆಯೂ ಇರುವುದಿಲ್ಲ. ಎರಡೂ ಕಲ್ಲಿಗೆ ಚೆನ್ನಾಗಿ ಕಚ್ಚು ಹೊಡೆದೆ. ತೊಲೆಗೆ ಹೊಡೆದ ತುಕ್ಕು ಹಿಡಿದ ಪಟ್ಟಿಯಿಂದಲೋ, ಸರಪಳಿಯ ಕೊಂಡಿಯಿಂದಲೋ ಅಷ್ಟೆಲ್ಲ ಆಯಿತು ಎಂದು ಶರಣಪ್ಪನಿಗೆ ಉಪದೇಶವನ್ನೂ ಮಾಡಿದೆ. ಅವನು ಹೂಂ ಹೂಂ ಅನ್ನುತ್ತ ಬುಟ್ಟಿಯ ಕಡೆಗೇ ನೋಡುತ್ತಿದ್ದ.

ಕಲ್ಲನ್ನು ಇಳಿಸಿ ಕೂರಿಸಿದೆ. ಬೋಲ್ಟು ಬಿಗಿದೆ. ಇಂಜಿನ್ ಹಚ್ಚುವ ಮೊದಲು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುವಿ ನೋಡುವುದು ಪದ್ಧತಿ. ತಿರುವಿದೆ. ಅರ್ಧಕ್ಕೆ ಬಂದು ಟಕ್ ಎಂದು ನಿಂತಿತು.

ಕಲ್ಲು ಎತ್ತಿ ನೋಡಿದೆ, ನಡುವೆ ಏನೂ ಸಿಕ್ಕಿಕೊಂಡಿರಲಿಲ್ಲ. ಇಳಿಸಿದೆ. ಟಕ್. ಮಟ್ಟ ನೋಡಿದೆ, ಬರೋಬ್ಬರಿ ಇತ್ತು. ಅಚ್ಚು ನೋಡಿದೆ, ನೆಟ್ಟಗಿತ್ತು. ಗ್ರೀಸು ಹಾಕಿದೆ. ಟಕ್. ಅದೇ ಜಾಗ. ಯಾರೋ ಆಚೆಯಿಂದ ಅಂಗೈ ಒಡ್ಡಿ ತಡೆದಂತೆ, ಮೆತ್ತಗೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಹಾಗೆ ಮೆತ್ತಗೆ ನಿಲ್ಲುವುದಿಲ್ಲ.

ಮೂಡಲ ಕಡೆ ಕತ್ತಲು ತೆಳ್ಳಗಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಬುಟ್ಟಿ ಹೊತ್ತ ಹೆಂಗಸರು ಬರುತ್ತಾರೆ.

"ಮಿಸ್ತ್ರಿ... ಬುಟ್ಟಿ ಇನ್ನೂ ಇಲ್ಲೇ ಐತ್ರೀ," ಎಂದ ಶರಣಪ್ಪ.

"ಐತಿ. ಬೀಸಿ ಕೊಟ್ಟೀರಲ್ಲ, ಮತ್ತೇನು?"

"ಬೀಸಿದ್ರ ಮುಗೀತೇನ್ರೀ? ಹಿಟ್ಟು ಮನಿ ಮುಟ್ಟಿಲ್ಲಲ್ಲ."

"ಹಂಗಾರ ಒಯ್ದು ಕೊಡ್ರಿ."

ಅವನು ಬಾಗಿಲಿನ ತನಕ ಹೋದ, ಕಾಲುವೆ ಕಡೆಯ ಕತ್ತಲು ನೋಡಿದ, ತಿರುಗಿ ಬಂದು ಗೋಣಿಯ ಮೇಲೆ ಕುಕ್ಕರಿಸಿದ. "ನನ್ನ ಕೈಲಿ ಆಗಂಗಿಲ್ರೀ." ಗಂಡಸಂತೆ! ಬುಟ್ಟಿಯನ್ನು ಹೆಗಲಿಗೇರಿಸಿ ಲಾಟೀನು ಹಿಡಿದು ನಾನೇ ಹೊರಟೆ.

ಕಾಲುವೆ ದಂಡೆಯ ಮೇಲೆ ಕಪ್ಪೆಗಳ ವಟವಟ, ಕೆಸರಿನ ವಾಸನೆ, ಹೆಗಲ ಮೇಲೆ ಹಿಟ್ಟಿನ ಬುಟ್ಟಿ. ಹಿಂದೆ ಹೆಜ್ಜೆ ಸಪ್ಪಳ ಕೇಳಿತೇ ಎಂದು ಕೇಳಬೇಡಿ, ಕೇಳಲಿಲ್ಲ. ಅಂಥ ಕಥೆಯಲ್ಲ ಇದು. ಆದರೆ ಭಾರದ ವಿಷಯ ಹೇಳಬೇಕು. ತುಂಬಿದ ಬುಟ್ಟಿ, ದೂರದ ದಾರಿ, ರಾತ್ರಿಯೆಲ್ಲ ದುಡಿದ ಮೈ. ಭಾರ ಅನ್ನಿಸಬೇಕಿತ್ತು... ಯಾರೋ ಇನ್ನೊಂದು ಬದಿಗೆ ಕೈ ಕೊಟ್ಟ ಹಾಗೆ ಹಗುರಾಗಿತ್ತು.

ಗುಡಿಸಲುಗಳೆಲ್ಲ ಕತ್ತಲಲ್ಲಿದ್ದವು. ಒಂದರಲ್ಲಿ ಮಾತ್ರ ಬೆಂಕಿಯ ಬೆಳಕು. ಅದೇ ಇರಬೇಕೆಂದು ಬಾಗಿಲಿಗೆ ಹೋದೆ.

ಒಲೆ ಉರಿಯುತ್ತಿತ್ತು. ಪಕ್ಕದಲ್ಲಿ ಹೆಂಚು ಸಜ್ಜಾಗಿತ್ತು. ಒಬ್ಬ ಮುದುಕಿ, ಅವಳಿಗೆ ಆತುಕೊಂಡು ಒಂದು ಹೆಣ್ಣುಮಗು, ಒಂದು ಗಂಡುಮಗು. ಮೂವರೂ ಎಚ್ಚರವಾಗಿ ಬಾಗಿಲ ಕಡೆಗೇ ನೋಡುತ್ತಿದ್ದರು. ಒಲೆಯ ಮೇಲಿನ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು. ನಮ್ಮ ಕಡೆ ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸುತ್ತಾರೆ, ಅದಕ್ಕಿಡುವ ಎಸರು. ಹಿಟ್ಟಿಲ್ಲದ ಮನೆಯಲ್ಲಿ ಯಾರೂ ಅದನ್ನಿಡುವುದಿಲ್ಲ.

"ಬಾಪಾ," ಎಂದಳು ಮುದುಕಿ. "ಎಷ್ಟೊತ್ತಾತು. ಎಸರು ಕುದ್ದು ಕುದ್ದು ಬತ್ತಾಕತ್ತೈತಿ."

ಬುಟ್ಟಿ ಇಳಿಸಿದೆ. "ಯವ್ವಾ... ಹಿಟ್ಟು ಬರ್ತೈತಂತ ನಿನಗ ಯಾರು ಹೇಳಿದ್ರು?"

"ಸೊಸಿ ಹೇಳಿದ್ಲಪಾ. ಬಾಗಲದಾಗ ನಿಂತು, ಅತ್ತಿ, ಪಾಳಿ ಬಂತು, ಎಸರಿಡು ಅಂದ್ಲು. ಒಳಗ ಬಾ ಅಂದ್ರ ಬರಲಿಲ್ಲ. ಹಿಟ್ಟು ತರ್ತೀನಿ ಅಂತ ತಿರುಗಿ ಹ್ವಾದ್ಲು." ಮುದುಕಿ ನನ್ನ ಭುಜದಾಚೆ ಕತ್ತಲಿಗೆ ಕಣ್ಣು ಕಿರಿದು ಮಾಡಿ ನೋಡಿದಳು. "ನಿನ್ನ ಕೂಡ ಬರಲಿಲ್ಲೇನು?"

ನಾನು ತಿರುಗಿ ನೋಡಲಿಲ್ಲ. ಹೆದರಿದೆ. ಹೌದು, ಹೆದರಿದೆ, ಅದರಲ್ಲೇನು ಮುಚ್ಚಿಡುವುದು?

ಅವಳು ಹಿಟ್ಟನ್ನು ಗಡಿಗೆಗೆ ಸುರಿದುಕೊಂಡು, ಕಲಸಿ, ರೊಟ್ಟಿ ಬಡಿಯತೊಡಗಿದಳು. ತಪ್... ತಪ್... ತಪ್. ಮೊದಲ ರೊಟ್ಟಿಯನ್ನು ಮಕ್ಕಳಿಬ್ಬರೂ ಬಿಸಿಯಿರುವಾಗಲೇ ಹರಿದು ಬಾಯಿಗಿಟ್ಟುಕೊಂಡರು. ನಾಲಿಗೆ ಸುಟ್ಟರೂ ಉಗುಳಲಿಲ್ಲ. ಆ ಮಕ್ಕಳು ತಿನ್ನುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎಂದುಕೊಂಡೆ.

ಹೊರಡುವಾಗ ಮುದುಕಿ ಖಾಲಿ ಬುಟ್ಟಿಯನ್ನು ನನ್ನ ಕೈಗಿಟ್ಟಳು. "ಹ್ವಾದ ಕೂಡ್ಲೆ ಇದನ್ನ ಪಾಳಿಗಿಡಪಾ. ನಾಳಿಗೂ ಬೇಕಲ್ಲ."

ಗಿರಣಿಗೆ ಬಂದಾಗ ಶರಣಪ್ಪ ಬೀದಿಯಲ್ಲಿ ನಿಂತಿದ್ದ. "ಈಗ ಸ್ವಲ್ಪ ಹೊತ್ತಿನ ಹಿಂದ ಚಕ್ರ ತಾನಾಗೇ ಬಿಡ್ತು ನೋಡ್ರೀ," ಎಂದ. ಒಳಗೆ ಹೋಗಿ ತಿರುವಿದೆ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಟಕ್ ಇಲ್ಲ, ಏನಿಲ್ಲ.

ಗೋಡೆಯ ಬದಿಗೆ, ಸಾಲಿನ ಮೊದಲ ಜಾಗದಲ್ಲಿ, ಖಾಲಿ ಬುಟ್ಟಿಯನ್ನು ಇಟ್ಟೆ. ಶರಣಪ್ಪ ಬುಟ್ಟಿ ನೋಡಿದ, ನನ್ನನ್ನು ನೋಡಿದ, ತನ್ನ ಮನೆಯ ಜೋಳ ತರಲು ಹೋದ. ಹೊತ್ತು ಮೂಡುವಾಗ ಇಂಜಿನ್ ಕುಕ್ ಕುಕ್ ಅನ್ನತೊಡಗಿತು. ಆಮೇಲೆ ನಾನು ಜವಳಗೇರಾಕ್ಕೆ ಎಷ್ಟೋ ಸಲ ಹೋದೆ. ಪ್ರತಿ ಸಲವೂ ಅದೇ ಬುಟ್ಟಿ, ಅದೇ ಮೊದಲ ಜಾಗ. ಆ ಹುಡುಗಿ ದೊಡ್ಡವಳಾಗಿ ತಾನೇ ಬುಟ್ಟಿ ತಂದಿಡುವ ತನಕ ಶರಣಪ್ಪ ಅದನ್ನು ತನ್ನ ಜೋಳದಿಂದಲೇ ತುಂಬಿ ಕಳಿಸಿದ. ಇಷ್ಟಾಗಲು ಒಂದು ಕಲ್ಲು ಹಟ ಹಿಡಿಯಬೇಕಾಯಿತು, ನೋಡಿ ನಮ್ಮ ಜನ!

ಕಲ್ಲು ಅಂಟಿತ್ತು, ಸರಪಳಿಯ ಕೊಂಡಿ ಸರಿಯಿರಲಿಲ್ಲ, ನಾನೂ ನಿದ್ದೆಗೆಟ್ಟಿದ್ದೆ. ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿತ್ತು. ಹೀಗೆ ಎಲ್ಲಕ್ಕೂ ನನ್ನ ಬಳಿ ಉತ್ತರವಿದೆ. ಆ ಎಸರಿಗೆ ಮಾತ್ರ ಇಲ್ಲ.

ಈಗಲೂ ಯಾರಾದರೂ ಕರೆದರೆ ಕಲ್ಲು ಎತ್ತಲು ಹೋಗುತ್ತೇನೆ. ಕರೆಂಟಿನ ಗಿರಣಿಗಳು, ಒಂದು ಗುಂಡಿ ಒತ್ತಿದರೆ ಸಾಕು. ಆದರೂ ಪಾನಾ ಹಿಡಿಯುವ ಮೊದಲು ಬಾಗಿಲಿಗೆ ಹೋಗಿ, "ಯಾರದಾರ ಪಾಳಿ ಉಳದೈತೇನ್ರೀ?" ಎಂದು ಕೂಗುತ್ತೇನೆ. ಹೊಸ ಹುಡುಗರು ಹಲ್ಲು ಕಿರಿಯುತ್ತಾರೆ. ಕಿರಿಯಲಿ, ದಡ್ಡರು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾರೂ ಓಗೊಡದಿರಲಿ ಎಂದು.